ತೋಟದ ಕೆಲಸಕ್ಕೆ ತಕ್ಕ ಪಾದರಕ್ಷೆ

ಪಾತ್ರೆ ಪಡಗ, ಉಡುವ ಬಟ್ಟೆ, ಬಿತ್ತನೆಯ ಬೀಜ ಮುಂತಾದುವನ್ನು ಆರಿಸುವಾಗ ನಮ್ಮ ಗೃಹಸ್ಥರು ತೋರುವ ಎಚ್ಚರಿಕೆಯು ಕಾಲಿಗೆ ಮೆಟ್ಟುವ ವಸ್ತುವಿನ ವಿಷಯದಲ್ಲಿ ಮಾತ್ರ ಕಾಣಬರುವುದಿಲ್ಲ. ಮದುವೆಗೆ ಹೋಗುವ ಚಪ್ಪಲಿಗಾಗಿ ನಾಲ್ಕು ಅಂಗಡಿಗಳನ್ನು ಹತ್ತಿಳಿಯುವವರು, ತೋಟಕ್ಕೆ ಇಳಿಯುವಾಗ ಹಿತ್ತಲ ಬಾಗಿಲಲ್ಲಿ ಬಿದ್ದಿರುವ ಹವಾಯಿ ಚಪ್ಪಲಿಯಲ್ಲಿ ಕಾಲು ತೂರಿಸಿ ಹೊರಟುಬಿಡುತ್ತಾರೆ. ಅದರ ಬಾರು ಕಿತ್ತು, ಪಿನ್ನು ಚುಚ್ಚಿ ನಿಲ್ಲಿಸಿದ್ದರೂ ಅಡ್ಡಿಯಿಲ್ಲ. ಕೆಲಸಕ್ಕೆ ಬರುವ ಆಳುಗಳ ಕಾಲಿಗಂತೂ ಎಷ್ಟೋ ಕಡೆ ಅದೂ ಇಲ್ಲ. ನಾವೂ ಬಹುಕಾಲ ಹೀಗೆಯೇ ನಡೆದುಕೊಂಡವರು. ಆದಕಾರಣ ಈ ಲೇಖನದಲ್ಲಿ ಉಪದೇಶಕ್ಕಿಂತ ತಪ್ಪೊಪ್ಪಿಗೆಯೇ ಹೆಚ್ಚಾಗಿ ಕಂಡರೆ ವಾಚಕ ಮಹಾಶಯರು ಮನ್ನಿಸಬೇಕು.

ನಮ್ಮದು ತೀರ್ಥಹಳ್ಳಿ ಸೀಮೆಯ ಅಡಕೆ ತೋಟ. ಆಗುಂಬೆಯಿರುವುದು ಇದೇ ತಾಲ್ಲೂಕಿನಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ ೩೦೦ ಅಂಗುಲದ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ನಮ್ಮ ಹಳ್ಳಿಯಲ್ಲಿ ಅಷ್ಟಿಲ್ಲವಾದರೂ, ಮೃಗಶಿರೆ ಹಿಡಿದಲ್ಲಿಂದ ಹಸ್ತ ಚಿತ್ತೆಗಳು ಕಳೆಯುವವರೆಗೆ ನೆಲ ಒಣಗುವುದೆಂಬ ಮಾತಿಲ್ಲ. ಕಾಲಿಟ್ಟಲ್ಲಿ ಕೆಸರು, ನಿಂತಲ್ಲಿ ಇಂಬಳ. ಮೆಟ್ಟಿಲ ಕಲ್ಲುಗಳಿಗೆ ಪಾಚಿ. ಬಿದ್ದ ಸೋಗೆ, ಕೊಳೆತ ಸೊಪ್ಪು, ಸಿಪ್ಪೆಯ ರಾಶಿ ಇವುಗಳ ಅಡಿಯಲ್ಲಿ ಇಲಿ ಹೆಗ್ಗಣಗಳ ವಾಸ; ಅವುಗಳನ್ನು ಅರಸಿಕೊಂಡು ಬರುವ ಹಾವು. ಇಂತಹ ನೆಲದ ಮೇಲೆ ದಿನಕ್ಕೆ ಏಳೆಂಟು ಗಂಟೆ ನಿಂತು ದುಡಿಯುವ ಕಾಲಿಗೆ ಏನನ್ನು ತೊಡಿಸಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಬರಿಗಾಲಿನ ವಾಡಿಕೆಗೆ ಬಡತನವೊಂದೇ ಕಾರಣವಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ತಾಯಿಯವರು ಬದುಕಿರುವವರೆಗೂ ತೋಟದ ಒಡ್ಡಿನಾಚೆ ಮೆಟ್ಟು ಬಿಟ್ಟು ಒಳಗೆ ಹೋಗುತ್ತಿದ್ದರು. ಉಣ್ಣುವ ಅನ್ನವನ್ನು ಕೊಡುವ ಮಣ್ಣಿನ ಮೇಲೆ ಕೆರ ಹಾಕಿ ನಡೆಯಬಾರದೆಂಬುದು ಅವರ ಭಾವನೆ. ಬಯಲುಸೀಮೆಯ ಒಕ್ಕಲಿಗರಲ್ಲಿಯೂ ರಾಶಿಯ ಕಣಕ್ಕೆ ಮೆಟ್ಟು ತರುವವರಿಲ್ಲ. ಈ ಭಾವನೆಯನ್ನು ಹಾಸ್ಯ ಮಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಕಣದಲ್ಲಿ ಕಾಳನ್ನು ತುಳಿಯಬಾರದೆಂಬ ನಿಯಮವೂ, ಆಷಾಢದ ಕತ್ತಲೆಯಲ್ಲಿ ಸೋಗೆಯ ರಾಶಿಯ ಮೇಲೆ ಬರಿಗಾಲಿಡುವುದೂ ಒಂದೇ ಅಲ್ಲ. ತಾಯಿಯವರೇ ಕೊನೆಕೊನೆಗೆ, ಸಿಹಿಮೂತ್ರ ರೋಗದಿಂದ ಪಾದ ಜೋಮುಗಟ್ಟಿ, ಚುಚ್ಚಿದ ಮುಳ್ಳಿನ ಅರಿವು ನಾಲ್ಕು ದಿನದ ಮೇಲೆ ಕೀವಾದಾಗ ಬಂದ ಬಳಿಕ, ವೈದ್ಯರ ಮಾತಿಗೆ ಒಪ್ಪಿ ಮುಚ್ಚಿದ ಮೆಟ್ಟು ಹಾಕಿದರು. ಆ ರೋಗವಿರುವವರು ಮನೆಯಂಗಳದಲ್ಲಿಯೂ ಬರಿಗಾಲಿನಲ್ಲಿ ಓಡಾಡಬಾರದೆಂಬುದನ್ನು ಇಲ್ಲಿಯೇ ಸೇರಿಸುತ್ತೇವೆ.

ಇನ್ನು ನಮ್ಮ ಮೂರ್ಖತನದ ಕಥೆ. ತೋಟದ ಜವಾಬ್ದಾರಿ ಹೆಗಲಿಗೆ ಬಿದ್ದ ವರ್ಷ ಪಟ್ಟಣದ ದೊಡ್ಡ ಅಂಗಡಿಯೊಂದರಲ್ಲಿ ಕಂದು ಬಣ್ಣದ ಚರ್ಮದ ಬೂಟು ಕೊಂಡೆವು. ನೋಟಕ್ಕೆ ಪಟಾಲಮಿನ ಸರದಾರನ ಬೂಟಿನಂತಿತ್ತು. ಬೆಲೆಯೂ ಅದಕ್ಕೆ ತಕ್ಕಂತೆಯೇ. ಮೊದಲ ಮಳೆಗಾಲದಲ್ಲಿ ಎರಡು ವಾರ ಹಾಕಿದೆವು. ಒದ್ದೆಯಾದುದು ಒಣಗಲಿಲ್ಲ, ಒಳಗೆಲ್ಲ ಬೂಸು ಹಿಡಿಯಿತು. ಹಾಳಾಗದಿರಲೆಂದು ಒರಸಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದೆವು. ಮೂರು ವರ್ಷದ ಮೇಲೆ ಪೇಟೆಗೆ ಹೊರಟಾಗ ತೆಗೆದು ಹಾಕಿಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಟ್ಟೆಯು ಹುರಿಹಿಟ್ಟಿನಂತೆ ಪುಡಿಪುಡಿಯಾಗಿ ಜಗಲಿಯ ಮೇಲೆ ಉದುರಿತು. ಮಕ್ಕಳು ನಕ್ಕರು, ನಾವು ಅಂಗಡಿಯವನನ್ನು ಬಯ್ದೆವು. ಬಯ್ಯಬೇಕಾದುದು ನಮ್ಮ ಅಜ್ಞಾನವನ್ನೆಂದು ಆಮೇಲೆ ತಿಳಿಯಿತು. ಈಗಿನ ಅನೇಕ ಬೂಟುಗಳ ಹಗುರವಾದ ಅಟ್ಟೆಗಳನ್ನು ಪಾಲಿಯುರಿಥೇನ್ ಎಂಬ ಕೃತಕ ದ್ರವ್ಯದಿಂದ ಎರೆಯುತ್ತಾರೆ. ಅದು ಮೆತ್ತಗೆ, ನಡೆಯುವುದಕ್ಕೆ ಹಿತ. ಆದರೆ ಗಾಳಿಯ ತೇವವು ಅದರ ಕಣಗಳ ಬೆಸುಗೆಯನ್ನು ಮೆಲ್ಲಮೆಲ್ಲನೆ ಬಿಡಿಸುತ್ತದೆ. ಬಳಸಿದರೂ ಬಳಸದಿದ್ದರೂ ಕೆಲವು ವರ್ಷಗಳಿಗೆ ಅದು ಒಡೆಯುವುದೇ ಸರಿ. ಮಲೆನಾಡಿನ ಅಟ್ಟದ ಮೇಲೆ, ಗಾಳಿಯಾಡದ ಪೆಟ್ಟಿಗೆಯೊಳಗೆ, ಇನ್ನೂ ಬೇಗ. ಆದ್ದರಿಂದ ಅಂತಹ ಅಟ್ಟೆಯ ಬೂಟನ್ನು ಕೊಂಡವರು ದಿನವೂ ಹಾಕಿ ಸವೆಸಬೇಕೇ ಹೊರತು ಜೋಪಾನವಾಗಿ ಎತ್ತಿಡತಕ್ಕದ್ದಲ್ಲ. ಬಹುಕಾಲ ಬಾಳಬೇಕೆನ್ನುವವರು ರಬ್ಬರಿನ ಅಟ್ಟೆಯನ್ನೇ, ಅದರಲ್ಲಿಯೂ ಬರಿಯ ಅಂಟಿನಿಂದಲ್ಲದೆ ಹೊಲಿಗೆಯಿಂದ ಕೂಡಿಸಿದುದನ್ನು, ಕೇಳಿ ಪಡೆಯಬೇಕು.

ಆ ಬಳಿಕ ಬುದ್ಧಿ ಬಂದು ಗಂಬೂಟು ಕೊಂಡೆವು. ನಮಗೊಂದು ಜೊತೆ, ನಮ್ಮ ತಮ್ಮನಿಗೊಂದು ಜೊತೆ. ಕೆಲಸದವರ ಕಾಲಿನ ವಿಚಾರ ನಮಗಾರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವೆನ್ನುವುದು ಕೂಡ ಪೂರ್ತಿ ನಿಜವಲ್ಲ. ‘ಅವರಿಗೆ ಅಭ್ಯಾಸವಿದೆ’ ಎಂಬ ಮಾತಿನಿಂದ ಮನಸ್ಸನ್ನು ಸಮಾಧಾನ ಮಾಡಿಕೊಂಡಿದ್ದೆವು.

ಮರು ವರ್ಷದ ಆಷಾಢದಲ್ಲಿ ಕೊಳೆ ಬಿದ್ದು ಉದುರಿದ ಕಾಯಿಗಳನ್ನು ಹೆಕ್ಕುತ್ತಿದ್ದಾಗ, ನಮ್ಮ ತೋಟಕ್ಕೆ ಹದಿನೈದು ವರ್ಷದಿಂದ ಬರುತ್ತಿದ್ದ ಹೆಂಗಸೊಬ್ಬಳ ಕಾಲಿನ ಗಿಣ್ಣಿನ ಬಳಿ ಕೊಳಕುಮಂಡಲ ಕಚ್ಚಿತು. ನಾವು ನಾಲ್ಕು ಮಾರು ದೂರದಲ್ಲಿ ಗಂಬೂಟು ಹಾಕಿಕೊಂಡು ನಿಂತಿದ್ದೆವು. ಯಾರೋ ಅವಸರದಲ್ಲಿ ಮೊಣಕಾಲಿನ ಕೆಳಗೆ ಬಳ್ಳಿಯಿಂದ ಬಿಗಿದರು. ಅದು ತಪ್ಪೆಂಬುದು ನಮಗೆ ಆಗ ತಿಳಿಯದು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಪ್ರಾಣ ಉಳಿಯಿತು. ಹನ್ನೊಂದು ದಿನ ಅಲ್ಲಿದ್ದಳು. ಎರಡು ಬೆರಳು ಕೊಳೆತು ಅವನ್ನು ತೆಗೆಯಬೇಕಾಯಿತು. ಐದು ತಿಂಗಳ ಮೇಲೆ ಕೆಲಸಕ್ಕೆ ಬಂದವಳು ಜಗಲಿಯ ಕಂಬಕ್ಕೆ ಒರಗಿಸಿದ್ದ ನಮ್ಮ ಬೂಟನ್ನು ಸ್ವಲ್ಪ ಹೊತ್ತು ನೋಡಿ, “ಅಯ್ಯಾ, ಇಂಥದ್ದು ನಮ್ಮ ಕಾಲಿನ ಅಳತೆಗೂ ಸಿಕ್ತದಾ?” ಎಂದು ಕೇಳಿದಳು. ಅದರಲ್ಲಿ ದೂರಿನ ಧ್ವನಿಯೇನೂ ಇರಲಿಲ್ಲ. ನಮ್ಮ ಮನೆಯವರು ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. ನಾವು ಉತ್ತರ ಕೊಡಲಾರದೆ ಹೋದೆವು.

ಇದು ನಮ್ಮೊಂದು ತೋಟದ ಮಾತಲ್ಲ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು ೧೨ ಲಕ್ಷ ಮಂದಿ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ದೊಡ್ಡ ಗಣನೆಯೊಂದು ಅಂದಾಜು ಮಾಡಿತು. ಅವರಲ್ಲಿ ಅರ್ಧದಷ್ಟು ಜನ ಸತ್ತುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಬಹುಪಾಲು ಹಳ್ಳಿಗಾಡಿನವರು. ಕಡಿತಗಳಲ್ಲಿ ಹೆಚ್ಚಿನವು ಬೀಳುವುದು ಪಾದ, ಗಿಣ್ಣು, ಮೊಣಕಾಲಿನ ಕೆಳಭಾಗ ಇಷ್ಟರಲ್ಲಿಯೇ. ೨೦೨೪ರಲ್ಲಿ ನಮ್ಮ ರಾಜ್ಯದ ಸರಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ವಿಧಿಸಿತು. ಔಷಧದ ಕಡೆಯಲ್ಲಿಯೂ ಒಂದು ಕೊರತೆಯಿದೆ. ನಮ್ಮಲ್ಲಿ ದೊರೆಯುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಎದುರಾಗಿ ತಯಾರಿಸುತ್ತಾರೆ. ಘಟ್ಟದ ಕಾಫಿ ಮತ್ತು ರಬ್ಬರ್ ತೋಟಗಳಲ್ಲಿ ತರಗೆಲೆಯ ನಡುವೆ ಸುರುಳಿ ಸುತ್ತಿಕೊಂಡಿರುವ, ಮೂತಿ ಮೇಲೆತ್ತಿದ ಸಣ್ಣ ಮಂಡಲದ ಹಾವೊಂದುಂಟು. ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಅಂತಹ ಕಡೆ ಕಚ್ಚಿಸಿಕೊಳ್ಳದಿರುವುದೇ ಚಿಕಿತ್ಸೆ. ಮೊಣಕಾಲಿನವರೆಗೆ ದಪ್ಪ ರಬ್ಬರು ಇದ್ದರೆ ಹಲ್ಲು ಚರ್ಮಕ್ಕೆ ತಲಪುವುದು ಕಷ್ಟ. ಬೂಟು ಹಾಕಿದವನಿಗೆ ಹಾವು ಕಚ್ಚುವುದೇ ಇಲ್ಲವೆಂದು ನಾವು ಭರವಸೆ ಕೊಡುತ್ತಿಲ್ಲ. ಅಪಾಯವು ಬಹಳಮಟ್ಟಿಗೆ ತಗ್ಗುವುದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಕಚ್ಚಿದರೆ ಮಾಡತಕ್ಕದ್ದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬಿಗಿಯಬಾರದು, ಕೊಯ್ಯಬಾರದು, ಚೀಪಬಾರದು. ಬಾವು ಏರುವುದಕ್ಕೆ ಮುಂಚೆ ಬೂಟು, ಕಾಲುಂಗುರ, ಗೆಜ್ಜೆಗಳನ್ನು ತೆಗೆದುಬಿಡಬೇಕು. ಕಾಲನ್ನು ಅಲುಗಿಸದೆ, ರೋಗಿಯನ್ನು ನಡೆಯಿಸದೆ, ನೇರವಾಗಿ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು.

ಬೂಟಿನ ಲಾಭ ಹಾವಿನೊಂದಿಗೇ ಮುಗಿಯುವುದಿಲ್ಲ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿದರೆ ಇಲಿಜ್ವರ ಬರುತ್ತದೆ. ಕೊಕ್ಕೆಹುಳುವಿನ ಮರಿಗಳು ಹೊಲಸು ಮಣ್ಣಿನಿಂದ ಅಂಗಾಲಿನ ಚರ್ಮವನ್ನೇ ತೂರಿಕೊಂಡು ದೇಹವನ್ನು ಸೇರುತ್ತವೆ. ರಕ್ತವಿಲ್ಲದೆ ಬಿಳಿಚಿಕೊಂಡು ಏದುಸಿರು ಬಿಡುವ ಕೂಲಿಗಾರರನ್ನು ಹಿಂದಿನ ತಲೆಮಾರಿನವರು ಸೋಮಾರಿಗಳೆಂದು ಬಯ್ಯುತ್ತಿದ್ದುದರಲ್ಲಿ ಈ ಹುಳುವಿನ ಪಾಲೆಷ್ಟೋ! ನಮ್ಮ ಜಿಲ್ಲೆಯ ಮಂಗನ ಕಾಯಿಲೆಯಂತೂ ವಾಚಕರಿಗೆ ಗೊತ್ತೇ ಇದೆ; ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವನ್ನು ಹರಡುವುದು ಉಣುಗು. ಸೊಪ್ಪು ದರಗು ತರಲು ಬೇಸಗೆಯಲ್ಲಿ ಕಾಡಿಗೆ ಹೋಗುವವರು ಷರಾಯಿಯನ್ನು ಬೂಟಿನೊಳಗೆ ಸೇರಿಸಿ ಹೋದರೆ ಉಣುಗು ಮೈಗೇರುವ ದಾರಿ ಅಷ್ಟರಮಟ್ಟಿಗೆ ಮುಚ್ಚುತ್ತದೆ.

ಹೀಗಿರಲಾಗಿ, ಆರಿಸುವುದು ಹೇಗೆ? ರಬ್ಬರು ಬೂಟಿಗೆ ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಹಸಿ ರಬ್ಬರು ಬಿಸಿಲಿಗೆ ಅಂಟಾಗಿ, ಚಳಿಗೆ ಸೆಟೆದು, ಏತಕ್ಕೂ ಬಾರದಂತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಸ್ಥಿರವಾಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಕಂಡುಕೊಂಡನು. ೧೮೫೩ರಲ್ಲಿ ಹೈರಂ ಹಚಿನ್‌ಸನ್ ಎಂಬವನು ಫ್ರಾನ್ಸ್ ದೇಶದಲ್ಲಿ ಕಾರ್ಖಾನೆ ಹೂಡಿ ಅಂತಹ ರಬ್ಬರಿನ ಬೂಟುಗಳನ್ನು ಮಾಡತೊಡಗಿದನು. ಅಲ್ಲಿನ ರೈತರು ಅದುವರೆಗೆ ಮರದ ಮೆಟ್ಟನ್ನು ಹಾಕಿ ಹೊಲ ಗೇಯುತ್ತಿದ್ದರಂತೆ. ನಮ್ಮ ಹಿರಿಯರು ಮಳೆಗಾಲದಲ್ಲಿ ಅಂಗಳ ದಾಟಲು ಹಾಕುತ್ತಿದ್ದ ಹಾವುಗೆಯ ನೆನಪಾಗುತ್ತದೆ. ರಬ್ಬರಿನಿಂದ ಮತ್ತೊಂದು ಉಪಕಾರವೂ ಆಯಿತು: ಚರ್ಮವೆಂದರೆ ಮಡಿ ಕೆಡುವುದೆಂದು ಹಿಂಜರಿಯುತ್ತಿದ್ದ ಮನೆಗಳಲ್ಲಿಯೂ ಗಂಬೂಟು ಒಳಜಗಲಿಯವರೆಗೆ ಬಂದು ಕುಳಿತಿದೆ!

ಅಂಗಡಿಯಲ್ಲಿ ಗಂಬೂಟೆಂದು ಕೊಡುವುದರಲ್ಲಿ ಎರಡು ಜಾತಿ. ಒಂದು ನಿಜವಾದ ರಬ್ಬರು, ಇನ್ನೊಂದು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು. ಎರಡನೆಯದು ಅಗ್ಗ, ಅಚ್ಚಿನಲ್ಲಿ ಒಂದೇ ತುಂಡಾಗಿ ಎರೆದುದರಿಂದ ಹೊಲಿಗೆಯಿಲ್ಲ, ನೀರು ಸೋರುವುದಿಲ್ಲ, ಕೊಟ್ಟಿಗೆಯ ಸಗಣಿ ಗಂಜಲಕ್ಕೆ ಜಗ್ಗುವುದಿಲ್ಲ. ಅದರ ದೋಷವೆಂದರೆ ಭಾರ ಮತ್ತು ಬಿರುಸು. ಮೊಣಕಾಲುದ್ದದ ಒಂದು ಜೊತೆ ಎರಡು ಕಿಲೋಗಳ ಹತ್ತಿರ ತೂಗುತ್ತದೆ. ಬೆರಳುಗಳು ಮಡಿಯುವ ಕಡೆ ನೆರಿಗೆ ಬಿದ್ದು, ದಿನ ಕಳೆದಂತೆ ಆ ನೆರಿಗೆಯೇ ಬಿರುಕಾಗುತ್ತದೆ. ರಬ್ಬರಿನದು ಬಾಗುತ್ತದೆ, ಕಾಲಿಗೆ ಒಗ್ಗುತ್ತದೆ, ಮುಳ್ಳು ಚುಚ್ಚಿ ತೂತಾದರೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಹಾಕುವ ತೇಪೆಯನ್ನೇ ಹಾಕಿ ಕೊಡುತ್ತಾನೆ. ಪ್ಲಾಸ್ಟಿಕ್ಕಿಗೆ ಆ ಅಂಟು ಕೂರುವುದಿಲ್ಲ. ಆದರೆ ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್, ಬಿಸಿಲು ಇವು ಶತ್ರುಗಳು.

ರಬ್ಬರಿಗೆ ಅಡಕೆ ತೋಟದಲ್ಲಿ ಮತ್ತೊಬ್ಬ ಗುಪ್ತಶತ್ರುವಿದೆ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಕೋಲ್ಮನ್ ಸಾಹೇಬರು; ಈ ರೋಗದ ಮೇಲೆ ಅವರು ಬರೆದ ವರದಿ ೧೯೧೦ರಷ್ಟು ಹಿಂದಿನದು. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರದ ಸೋಂಕಿದ್ದರೆ ರಬ್ಬರು ಗಾಳಿಯಲ್ಲಿ ಬೇಗನೆ ಮುದಿಯಾಗುತ್ತದೆ. ಔಷಧಿ ಹೊಡೆದ ದಿನ ಬೂಟಿನ ಮೇಲೆ ನೀಲಿಯ ಚಿಮುಕಲು ಒಣಗಲು ಬಿಟ್ಟವರ ರಬ್ಬರಿನ ಬೂಟು ಎರಡನೆಯ ಮಳೆಗಾಲಕ್ಕೆ ಬಿರಿಯುವುದನ್ನು ನಾವು ಕಂಡಿದ್ದೇವೆ. ಸಂಜೆ ಒಂದು ಕೊಡ ನೀರು ಹೊಯ್ದು ತೊಳೆದರೆ ಸಾಕು. ಔಷಧಿಯ ಕೆಲಸಕ್ಕೇ ಬೇರೆ ಒಂದು ಜೊತೆ ಅಗ್ಗದ ಪಿ.ವಿ.ಸಿ. ಬೂಟು ಇಟ್ಟುಕೊಳ್ಳುವುದು ಇನ್ನೂ ಜಾಣತನ.

ಕೊಳ್ಳುವಾಗ ನಾವು ಈಗ ಮಾಡುವ ಪರೀಕ್ಷೆ ಹೀಗೆ. ಬೂಟನ್ನು ಎರಡು ಕೈಯಿಂದ ಹಿಡಿದು ಬೆರಳಿನ ಬಳಿ ಚೆನ್ನಾಗಿ ಬಾಗಿಸುತ್ತೇವೆ. ಬಾಗಿದ ಗೆರೆ ಬೆಳ್ಳಗಾಗಿ ಹಾಗೆಯೇ ಉಳಿದರೆ ಅದರಲ್ಲಿ ಸುಣ್ಣದ ಪುಡಿಯಂತಹ ತುಂಬುಗಲಸು ಹೆಚ್ಚೆಂದು ತಿಳಿದು ಕೆಳಗಿಡುತ್ತೇವೆ. ಆಮೇಲೆ ಅಟ್ಟೆಯನ್ನು ನೋಡುತ್ತೇವೆ. ಹಲ್ಲುಗಳು ಆಳವಾಗಿ, ಒಂದಕ್ಕೊಂದು ದೂರವಾಗಿದ್ದರೆ ಕೆಸರು ತಾನಾಗಿ ಉದುರುತ್ತದೆ. ಒತ್ತೊತ್ತಾಗಿದ್ದರೆ ಹತ್ತು ಹೆಜ್ಜೆಗೆ ಕೆಸರು ತುಂಬಿ ಅಟ್ಟೆ ನುಣ್ಣಗಾಗುತ್ತದೆ. ಒಳಗೆ ಕೈಹಾಕಿ ಬಟ್ಟೆಯ ಒಳಪದರವಿದೆಯೋ ಎಂದು ತಡವುತ್ತೇವೆ. ಐ.ಎಸ್.ಐ. ಗುರುತನ್ನೂ ನೋಡಬೇಕು, ರಬ್ಬರಿನ ಗಂಬೂಟಿಗೆ ಐ.ಎಸ್. ೫೫೫೭, ಪಿ.ವಿ.ಸಿ. ಬೂಟಿಗೆ ಐ.ಎಸ್. ೧೨೨೫೪ ಎಂಬ ಸಂಖ್ಯೆಗಳಿವೆ. ಅಂಗಡಿಯವರು ಆತುರಪಟ್ಟರೆ ಪಡಲಿ.

ಅಳತೆಯ ವಿಷಯ ಬಂತು. ಇಲ್ಲಿಯೇ ನಾವು ಹೆಚ್ಚು ಎಡವುವುದು. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ನಡೆದವರ ಪಾದವು ಬೆರಳುಗಳ ಕಡೆ ಬೀಸಣಿಗೆಯಂತೆ ಅಗಲವಾಗಿರುತ್ತದೆ. ೨೦೦೯ರಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಸಂಶೋಧಕರ ಅಧ್ಯಯನವೊಂದರಲ್ಲಿ ದಕ್ಷಿಣ ಭಾರತದ ಬರಿಗಾಲಿನವರ ಪಾದಗಳನ್ನು ಬೂಟು ಹಾಕುವ ಪಾಶ್ಚಾತ್ಯರ ಪಾದಗಳೊಡನೆ ಹೋಲಿಸಿ ಇದನ್ನೇ ಕಂಡರು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾಲಯದವರು ೨೦೨೧-೨೨ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ನಮ್ಮವರ ಪಾದ ಅಗಲವೆಂದೂ, ಇಂಗ್ಲೆಂಡಿನ ಅಂಕಿಗಳ ಬದಲು ನಮ್ಮದೇ ಅಳತೆಯ ಕ್ರಮ ಬೇಕೆಂದೂ ಸೂಚಿಸಿದರು. ಅಗಲ ಹಿಡಿಸುವುದಿಲ್ಲವೆಂದು ನಾವು ಒಂದೆರಡು ಅಂಕಿ ದೊಡ್ಡದನ್ನು ಕೊಳ್ಳುತ್ತೇವೆ. ಅಗಲವೇನೋ ಸರಿಹೋಗುತ್ತದೆ, ಉದ್ದ ಮಿಗುತ್ತದೆ. ಆಗ ಹಿಮ್ಮಡಿ ಏರಿಳಿದು ಚರ್ಮ ಸುಲಿಯುತ್ತದೆ, ಕೆಸರಿನಲ್ಲಿ ಕಾಲು ಮಾತ್ರ ಮೇಲೆ ಬಂದು ಬೂಟು ಅಲ್ಲಿಯೇ ಉಳಿಯುತ್ತದೆ. ಈ ಎರಡನೆಯ ಅನುಭವ ನಮಗೆ ಊರಿನ ನಾಲ್ಕು ಜನರ ಎದುರಿನಲ್ಲಿಯೇ ಆಯಿತು. ಸಂಜೆಯ ಹೊತ್ತು, ದಿನವೆಲ್ಲ ನಡೆದು ಪಾದ ಸ್ವಲ್ಪ ಊದಿಕೊಂಡಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಬೇಕು. ಮುಂದೆ ಹೆಬ್ಬೆರಳಿನಗಲದ ಜಾಗವಿರಬೇಕು. ಹಿಂದೆ ಹಿಮ್ಮಡಿ ಹಂದಬಾರದು. ಬೆರಳುಗಳನ್ನು ಒಳಗೆ ಆಡಿಸುವಂತಿರಬೇಕು. ಎರಡು ಪಾದಗಳೂ ಒಂದೇ ಅಳತೆಯವಾಗಿರುವುದು ಅಪರೂಪ. ದೊಡ್ಡ ಪಾದಕ್ಕೆ ಸರಿಹೋಗುವುದನ್ನೇ ಕೊಂಡು ಚಿಕ್ಕದಕ್ಕೆ ಒಳಹಾಸು ಹಾಕತಕ್ಕದ್ದು.

ಹೆಂಗಸರ ಬೂಟಿನ ಪಾಡು ಇನ್ನೂ ಕಷ್ಟ. ನಮ್ಮ ಕಡೆ ತೋಟದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದು. ಪೇಟೆಯಲ್ಲಿ ಮೂರು ಅಂಗಡಿಗಳನ್ನು ಸುತ್ತಿದೆವು. ಎಲ್ಲಿ ಕೇಳಿದರೂ ಆರನೆಯ ನಂಬರಿಗಿಂತ ಕೆಳಗಿಲ್ಲ. ನಮಗೆ ಬೇಕಾದುದು ನಾಲ್ಕು ಮತ್ತು ಐದು. “ಹೆಂಗಸರು ಯಾರೂ ಕೇಳೋದಿಲ್ಲ ಸ್ವಾಮಿ” ಎಂದು ಅಂಗಡಿಯವರ ಉತ್ತರ. ಅಂಗಡಿಯಲ್ಲಿ ಇಲ್ಲದ್ದನ್ನು ಕೇಳುವವರಾರು? ಕೊನೆಗೆ ಒಬ್ಬ ವ್ಯಾಪಾರಿಯು ಮುಂಗಡ ಪಡೆದು ಹೊರಗಿನಿಂದ ತರಿಸಿಕೊಟ್ಟನು. ಎತ್ತರದಲ್ಲಿಯೂ ಯೋಚಿಸಬೇಕಾದುದುಂಟು. ಸೀರೆಯನ್ನು ಎತ್ತಿಕಟ್ಟಿ ಬಗ್ಗಿ ಬಗ್ಗಿ ಕಾಯಿ ಹೆಕ್ಕುವವರಿಗೆ ಮೊಣಕಾಲಿಗೆ ತಾಗುವ ಬೂಟಿನ ಅಂಚು ಮಂಡಿಯ ಹಿಂದೆ ಕೊರೆಯುತ್ತದೆ. ಮೀನಖಂಡದ ಮೇಲುಭಾಗದವರೆಗೆ ಬಂದು ನಿಲ್ಲುವ ನಡುವೆತ್ತರದ ಬೂಟೇ ಅವರಿಗೆ ಒಗ್ಗಿತು. ಎತ್ತರದಲ್ಲಿ ಕಳೆದುಕೊಂಡ ರಕ್ಷಣೆಯು ದಿನವೂ ಹಾಕುವುದರಿಂದ ತುಂಬಿಬರುತ್ತದೆಂದು ನಮ್ಮ ಎಣಿಕೆ. ಗೂಟದಲ್ಲಿ ತೂಗುವ ಉತ್ತಮವಾದ ಬೂಟಿಗಿಂತ ಕಾಲಿನಲ್ಲಿರುವ ಸಾಧಾರಣ ಬೂಟು ಮೇಲು.

ಗಂಬೂಟು ಎಲ್ಲ ಕೆಲಸಕ್ಕೂ ಆಗುವುದೆಂದು ಯಾರೂ ತಿಳಿಯಬಾರದು. ನಟ್ಟಿಯ ಗದ್ದೆಯಲ್ಲಿ ಅದರಿಂದ ಉಪಯೋಗವಿಲ್ಲ. ಮೊಣಕಾಲುದ್ದದ ಹದಗೆಸರು ಅದನ್ನು ಹೀರಿ ಹಿಡಿಯುತ್ತದೆ. ಅಲ್ಲಿ ಬರಿಗಾಲೇ ಸರಿ. ಕಾಲಿನಲ್ಲಿ ಗಾಯವಿದ್ದವರು ಮಾತ್ರ ಇಳಿಯಬಾರದು, ಹತ್ತಿ ಬಂದ ಕೂಡಲೆ ಶುದ್ಧ ನೀರಿನಲ್ಲಿ ತೊಳೆದು ಬೆರಳುಸಂದಿಯನ್ನು ಒರಸಿಕೊಳ್ಳಬೇಕು. ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತುವ ಕೊನೆಗಾರನಿಗೆ ಬೂಟಿನ ಮಾತೇ ಇಲ್ಲ. ಹಳ್ಳಕ್ಕೆ ಹಾಕಿದ ಮರದ ಸಂಕವನ್ನು ದಾಟುವಾಗ ಪ್ಲಾಸ್ಟಿಕ್ಕಿನ ಅಟ್ಟೆಯು ಪಾಚಿಯ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬೂಟನ್ನು ಕಳಚಿ ಕೈಯಲ್ಲಿ ಹಿಡಿದು ದಾಟುವವರನ್ನು ಕಂಡರೆ ನಾವು ನಗುವುದಿಲ್ಲ.

ಬೇಸಗೆಯ ಕೆಲಸ ಬೇರೆ. ಬೇಲಿ ಕಟ್ಟುವುದು, ಸೌದೆ ಒಡೆಯುವುದು, ಕಲ್ಲು ಹೊರುವುದು, ಹೊಸ ನೆಲ ಸವರುವುದು ಇವಕ್ಕೆ ಗಿಣ್ಣು ಮುಚ್ಚುವ ಚರ್ಮದ ಬೂಟೇ ತಕ್ಕುದು. ಗಂಬೂಟಿನಲ್ಲಿ ಬಿಸಿಲಿಗೆ ಕಾಲು ಬೆಂದುಹೋಗುತ್ತದೆ. ಕಾರ್ಖಾನೆಯವರಿಗೆಂದು ಮಾಡುವ ಕಾಪುಬೂಟುಗಳು ಈಗ ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತವೆ. ಅವುಗಳ ಮುಂದುಗಡೆ ಬೆರಳಿನ ಮೇಲೆ ಉಕ್ಕಿನ ಟೊಪ್ಪಿಗೆಯಿರುತ್ತದೆ. ೨೦೦ ಜೂಲ್ ಪೆಟ್ಟನ್ನು ತಡೆಯುವುದು ಒಂದು ದರ್ಜೆ, ೧೦೦ ಜೂಲಿನದು ಅದಕ್ಕಿಂತ ಕೆಳಗಿನದು. ೨೦೦ ಜೂಲೆಂದರೆ ಇಪ್ಪತ್ತು ಕಿಲೋ ತೂಕದ ಕಲ್ಲು ಒಂದು ಮೀಟರಿನ ಎತ್ತರದಿಂದ ಬಿದ್ದಷ್ಟು. ದಿಮ್ಮಿ ಉರುಳಿಸುವವರು, ಕಳೆ ಕತ್ತರಿಸುವ ಯಂತ್ರ ಹಿಡಿಯುವವರು, ಟಿಲ್ಲರು ನಡೆಸುವವರು ಇದನ್ನು ಹಾಕದೆ ಕೆಲಸಕ್ಕೆ ಇಳಿಯಕೂಡದು. ಬಿದಿರು ಮೆಳೆ ಸವರಿದ ಜಾಗದಲ್ಲಿ ಓರೆಯಾಗಿ ಕತ್ತರಿಸಿದ ಕೂಳೆಗಳು ಈಟಿಯಂತೆ ನಿಂತಿರುತ್ತವೆ. ಸಾಧಾರಣ ಅಟ್ಟೆಯನ್ನು ಅವು ಸೀಳಿಬಿಡುತ್ತವೆ. ಅಟ್ಟೆಯ ನಡುವೆ ಉಕ್ಕಿನ ತಗಡಿರುವ ಬೂಟನ್ನು ಕೇಳಬೇಕಾದುದು ಅಲ್ಲಿ. ಬಯಲುಸೀಮೆಯ ಜಾಲಿಮುಳ್ಳಿಗೂ ಅದೇ ಮದ್ದು. ಅಲ್ಲಿನ ಸಮಗಾರರು ಹಳೆಯ ಟೈರಿನಿಂದ ಅಟ್ಟೆ ಕೊಯ್ದು ಮಾಡುವ ಚಪ್ಪಲಿಯು ಮುಳ್ಳನ್ನು ತಡೆಯುವುದರಲ್ಲಿ ಅನೇಕ ಬೆಲೆಬಾಳುವ ಬೂಟುಗಳನ್ನು ನಾಚಿಸುತ್ತದೆ. ಹರಿದ ಬೂಟಿಗೆ ಹೊಲಿಗೆ ಹಾಕಿಸಲು ಈಗ ನಾವು ಹದಿನೆಂಟು ಮೈಲಿ ಹೋಗಬೇಕಾಗಿದೆ. ಆ ಕಸಬಿನವರನ್ನು ಹಗುರವಾಗಿ ಕಂಡುದರ ದಂಡ ಇದು.

ಇಟ್ಟುಕೊಳ್ಳುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಒದ್ದೆಯಾದ ಬೂಟನ್ನು ಒಲೆಯ ಪಕ್ಕದಲ್ಲಿಡುವುದು ನಮ್ಮ ಮನೆಗಳ ದೊಡ್ಡ ತಪ್ಪು. ಚರ್ಮ ಸೆಟೆದು ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆಯ ಉಂಡೆಗಳನ್ನು ತುರುಕಿ ರಾತ್ರಿ ಬಿಟ್ಟರೆ ಅವು ತೇವವನ್ನು ಹೀರುತ್ತವೆ, ಬೆಳಗ್ಗೆ ಬದಲಾಯಿಸಬೇಕು. ಚರ್ಮಕ್ಕೆ ಬೂಸು ಬಂದರೆ ಒಣ ಬಟ್ಟೆಯಿಂದ ಒರಸಿ, ನೆರಳಿನ ಗಾಳಿಗೆ ಹಿಡಿದು, ಮೇಣದ ಪಾಲೀಶು ಹಚ್ಚಬೇಕು. ಗಂಬೂಟಿನೊಳಗೆ ಕಾಲು ಬೆವತು ಕೆಸರುಹುಣ್ಣು ಏಳುವುದುಂಟು. ಅದಕ್ಕಾಗಿ ಪ್ರತಿಯೊಬ್ಬರಿಗೂ ಎರಡು ಜೊತೆ ಕಾಲುಚೀಲ ಬೇಕೇ ಬೇಕು: ಮಧ್ಯಾಹ್ನದ ಊಟಕ್ಕೆ ಬಂದಾಗ ಕಾಲನ್ನು ಅರ್ಧ ಗಂಟೆ ಗಾಳಿಗೆ ಬಿಟ್ಟು, ಒಣಗಿದ ಜೊತೆಯನ್ನು ಹಾಕಿಕೊಂಡು ಹೋಗತಕ್ಕದ್ದು. ಒತ್ತಾಗಿ ನೆಯ್ದ ಬಟ್ಟೆಯಲ್ಲಿ ಮೊಣಕಾಲುದ್ದದ ಚೀಲ ಹೊಲಿಸಿ, ಅದರ ಅಂಚಿಗೆ ಸಾಬೂನು ತಿಕ್ಕಿದರೆ ಇಂಬಳವೂ ಮೇಲೇರುವುದು ಕಡಮೆ.

ನಮ್ಮ ಕೊಟ್ಟಿಗೆಯ ಮಾಡಿನ ಕೆಳಗೆ ಈಗ ಹನ್ನೊಂದು ಗೂಟಗಳಿವೆ. ಬೂಟುಗಳನ್ನು ಬಾಯಿ ಕೆಳಗಾಗಿ ತಗುಲಿಹಾಕುತ್ತೇವೆ. ನೀರು ಬಸಿಯುವುದು ಒಂದು ಲಾಭ, ಕಪ್ಪೆ ಚೇಳುಗಳು ಒಳಸೇರದಿರುವುದು ಇನ್ನೊಂದು. ಹಾಗಿದ್ದರೂ ಹಾಕುವ ಮುಂಚೆ ನೆಲಕ್ಕೆ ಎರಡು ಬಾರಿ ಕುಟ್ಟಿ ನೋಡಬೇಕೆಂಬುದು ಮನೆಯ ಕಟ್ಟಳೆ. ಬಣ್ಣದಿಂದ ಪ್ರತಿಯೊಂದರ ಮೇಲೂ ಗುರುತು ಬರೆದಿದೆ. ಜೊತೆಯೊಂದಕ್ಕೆ ಐದುನೂರು ರೂಪಾಯಿಯ ಒಳಗೆಯೇ ತಗುಲಿತು. ಆ ಹನ್ನೊಂದು ದಿನಗಳಲ್ಲಿ ಆಸ್ಪತ್ರೆಗೂ ಓಡಾಟಕ್ಕೂ ಆದ ವೆಚ್ಚವನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ವಾರ ಆಳುಗಳಲ್ಲಿ ಕೆಲವರು ನಾಚಿಕೊಂಡು ಬೂಟನ್ನು ತೋಟದ ಅಂಚಿನಲ್ಲಿ ಬಿಚ್ಚಿಟ್ಟು ಕೆಲಸ ಮಾಡಿದರು. ಆ ಹೆಂಗಸು ಮಾತ್ರ ಮೊದಲ ದಿನದಿಂದಲೂ ಬಿಚ್ಚಲಿಲ್ಲ. ಎರಡು ಬೆರಳಿಲ್ಲದ ಬಲಗಾಲಿನ ಬೂಟಿನ ಮೂತಿಯಲ್ಲಿ ಬಟ್ಟೆಯ ಉಂಡೆಯಿಟ್ಟುಕೊಳ್ಳುತ್ತಾಳೆ. ಹೋದ ಮಳೆಗಾಲದಲ್ಲಿ ತನ್ನ ಮಗಳನ್ನೂ ಕೆಲಸಕ್ಕೆ ಕರೆತಂದವಳು ನೇರವಾಗಿ ಗೂಟಗಳ ಬಳಿ ಹೋಗಿ, ಹೊಸ ಜೊತೆಯನ್ನು ಇಳಿಸಿ, ಎರಡು ಬಾರಿ ನೆಲಕ್ಕೆ ಕುಟ್ಟಿ ಮಗಳ ಮುಂದಿಟ್ಟಳು.